ನಾಯಿಮರಿಗೂ ಟ್ಯೂಷನ್ನಾ? ಆರು ಭೇಟಿ, ಆರು ಸಾವಿರ, ಒಂದು ಮಳೆಗಾಲ

ಐದರಲ್ಲಿ ನಾಲ್ಕು ಸ್ಟಾರ್. ಒಂದು ಯಾಕೆ ಕಡಿಮೆ ಎಂದು ಮುಂದೆ ಹೇಳುತ್ತೇನೆ.

ಟ್ರೈನರ್ ಹೆಸರು, ನಂಬರ್ ಇಲ್ಲಿ ಹಾಕುವುದಿಲ್ಲ. ಅವರೇ ಬೇಡ ಎಂದಿದ್ದಾರೆ. ಈಗ ಹಿಡಿದುಕೊಂಡ ಮನೆಗಳಿಗೆ ಹೋಗಿಯೇ ಮುಗಿಯುವುದಿಲ್ಲವಂತೆ. ಮತ್ತೆ ಯಾಕೆ ಬರೆಯುವುದು ಎಂದರೆ, ಮನೆಗೆ ಬಂದು ನಾಯಿಮರಿಗೆ ಕಲಿಸುವವರಿಗೆ ದುಡ್ಡು ಕೊಡುವ ಮೊದಲು ಎಂತ ನೋಡಬೇಕು, ಎಂತ ಕೇಳಬೇಕು ಎಂದು ನನಗೆ ಯಾರೂ ಹೇಳಿರಲಿಲ್ಲ. ಹೇಳಿದ್ದರೆ ಮೊದಲನೆಯವರನ್ನು ಕರೆಯುತ್ತಿರಲಿಲ್ಲ.

ನಾನು ಟೈಲರ್. ಉಡುಪಿಯ ಅಂಬಲಪಾಡಿಯಿಂದ ಕಿದಿಯೂರಿಗೆ ಹೋಗುವ ಕಡೆ ಮನೆ. ಮುಂದಿನ ಚಾವಡಿಯಲ್ಲೇ ಎರಡು ಮಿಷನ್ ಹಾಕಿಕೊಂಡು ಬ್ಲೌಸ್, ಚೂಡಿದಾರ್ ಹೊಲಿಯುತ್ತೇನೆ. ಮನೆಯವರು ಮಲ್ಪೆ ಬಂದರಿನ ಒಂದು ಐಸ್ ಪ್ಲಾಂಟಿನಲ್ಲಿ ಆಪರೇಟರ್. ಮಗ ಸೆಕೆಂಡ್ ಪಿಯುಸಿ. ಅತ್ತೆಗೆ 74 ವರ್ಷ.

ಜೂನ್ 1ರಿಂದ ಜುಲೈ 31ರ ತನಕ, 61 ದಿನ, ಮೀನು ಹಿಡಿಯುವ ಯಾಂತ್ರಿಕ ಬೋಟುಗಳು ಕಡಲಿಗೆ ಇಳಿಯುವ ಹಾಗಿಲ್ಲ. ಬೋಟು ಇಲ್ಲದಿದ್ದರೆ ಐಸು ಯಾರಿಗೆ? ಪ್ಲಾಂಟೂ ಬಂದ್. ಅಲ್ಲಿನ ಶೆಡ್ಡಿನ ಅಡಿಯಲ್ಲಿ ಒಂದು ನಾಯಿ ಐದು ಮರಿ ಹಾಕಿತ್ತು. ಲೋಡಿಂಗ್ ಹುಡುಗರು ಇರುವಷ್ಟು ದಿನ ಅವರ ಊಟದಲ್ಲಿ ಪಾಲು ಸಿಗುತ್ತಿತ್ತು. ಹುಡುಗರು ಊರಿಗೆ ಹೋದರು, ಊಟ ನಿಂತಿತು. ನಾಲ್ಕು ಮರಿಗಳನ್ನು ಯಾರ್ಯಾರೋ ಒಯ್ದರು. ಉಳಿದದ್ದನ್ನು ಮನೆಯವರು ರೈನ್‌ಕೋಟಿನ ಒಳಗೆ ಹಾಕಿಕೊಂಡು ಬಂದರು. ಕಂದು ಬಣ್ಣ, ಉರುಟು ಹೊಟ್ಟೆ. ಮಗ ನೋಡಿದವನೇ "ಬನ್ಸ್ ಹಾಗೆ ಉಂಟು" ಎಂದ. ಹೆಸರು ಅಲ್ಲೇ ಇಟ್ಟಾಯಿತು. ಬನ್ಸು. ಡಾಕ್ಟರು ಹಲ್ಲು ನೋಡಿ ಏಳೆಂಟು ವಾರ ಇರಬಹುದು ಎಂದರು.

ನಮ್ಮಲ್ಲಿ ಮೊದಲೂ ನಾಯಿಗಳಿದ್ದವು. ಹಗಲು ತೆಂಗಿನ ಬುಡಕ್ಕೆ ಕಟ್ಟುವುದು, ಮಿಕ್ಕಿದ ಅನ್ನ ಹಾಕುವುದು, ರಾತ್ರಿ ಬಿಡುವುದು. ಕಲಿಸುವುದು ಎಂಬ ಮಾತೇ ಇರಲಿಲ್ಲ. ಹಾಗಾಗಿ ಟ್ರೈನರ್ ಎಂದ ಕೂಡಲೇ ಅತ್ತೆ ಕೇಳಿದ್ದು, "ನಾಯಿಗೂ ಟ್ಯೂಷನ್ನಾ?"

ನನಗೂ ಹಾಗೇ ಅನಿಸಿತ್ತು. ಆದರೆ ಇಷ್ಟು ಸಣ್ಣ ಮರಿಯನ್ನು ಮಳೆಯಲ್ಲಿ ಹೊರಗೆ ಕಟ್ಟುವುದು ಹೇಗೆ? ಒಳಗೇ ಇರಬೇಕು. ಒಳಗೆ ಎಂದರೆ ನನ್ನ ಮಿಷನ್ನಿನ ಬುಡ. ಅಲ್ಲಿ ಗುಂಡುಸೂಜಿ, ಹುಕ್ಕು, ಬಾಬಿನ್, ದಾರ. ಮೂರನೇ ದಿನ ನೋಡುತ್ತೇನೆ, ಬಾಯಿಂದ ಕೆಂಪು ದಾರ ಇಳಿಬಿದ್ದಿದೆ. ಹಿಡಿದು ಎಳೆದೆ. ಒಂದು ಮೊಳ ಬಂತು. ಪುಣ್ಯಕ್ಕೆ ತುದಿಯಲ್ಲಿ ಸೂಜಿ ಇರಲಿಲ್ಲ. ಲಸಿಕೆಗೆ ಹೋದಾಗ ಇದನ್ನು ಹೇಳಿ ಡಾಕ್ಟರ ಕೈಯಲ್ಲಿ ಚೆನ್ನಾಗಿ ಬೈಸಿಕೊಂಡೆ. ದಾರ ಒಳಗೆ ಎಲ್ಲಾದರೂ ಸಿಕ್ಕಿಕೊಂಡಿದ್ದರೆ ಎಳೆದಾಗ ಕರುಳನ್ನೇ ಕೊಯ್ದುಬಿಡುತ್ತದೆ. ಬಾಯಲ್ಲಾಗಲಿ ಹಿಂದಿನಿಂದಾಗಲಿ ದಾರ ಕಂಡರೆ ಎಳೆಯಬಾರದು, ಇದ್ದ ಹಾಗೇ ಆಸ್ಪತ್ರೆಗೆ ತರಬೇಕು. ಮನೆಯಲ್ಲಿ ಹೊಲಿಗೆ ಇರುವವರು ಇದೊಂದನ್ನು ನೆನಪಿಟ್ಟುಕೊಳ್ಳಿ, ಉಳಿದದ್ದು ಓದದಿದ್ದರೂ ಅಡ್ಡಿಯಿಲ್ಲ.

ಮೊದಲು ಬಂದ ಟ್ರೈನರ್ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಕೈಯಲ್ಲಿ ಚೋಕ್ ಚೈನ್, ಎಂದರೆ ಎಳೆದರೆ ಕುತ್ತಿಗೆ ಬಿಗಿಯುವ ಸರಪಳಿ, ಹಿಡಿದುಕೊಂಡೇ ಒಳಗೆ ಬಂದರು. ಮರಿಗೆ ಎಷ್ಟು ವಾರ ಎಂದೂ ಕೇಳಲಿಲ್ಲ. ಕುತ್ತಿಗೆಗೆ ಹಾಕಿ ಒಮ್ಮೆ ಜಗ್ಗಿದರು. ಬನ್ಸು ಕಿರುಚಿ ನಿಂತಲ್ಲೇ ಒಂದು ಮಾಡಿಕೊಂಡಿತು. "ಹೆದರಿಕೆ ಇದ್ರೆ ಮಾತ್ರ ನಾಯಿ ಮಾತು ಕೇಳ್ತದೆ" ಎಂದರು. ಬೇಕಾದರೆ 45 ದಿನ ನಮ್ಮಲ್ಲಿ ಬಿಡಿ, ಪೂರ್ತಿ ಕಲಿಸಿ ಕೊಡುತ್ತೇನೆ, 22,000 ಎಂದೂ ಹೇಳಿದರು. ಅತ್ತೆ ಒಳಗಿಂದ ಬಂದರು. ಮರಿಯನ್ನು ಎತ್ತಿಕೊಂಡು ಚೈನು ಬಿಚ್ಚಿ ಅವರ ಕೈಗೆ ಕೊಟ್ಟರು. "ಚಾ ಆಗಿದೆ, ಕುಡಿದು ಹೊರಡಿ" ಎಂದರು. ಟ್ಯೂಷನ್ನಾ ಎಂದು ನಕ್ಕವರು ಇವರೇ.

ಎರಡನೆಯವರು ಬ್ರಹ್ಮಾವರದ ಕಡೆಯವರು, ಮೂವತ್ತರ ಆಸುಪಾಸಿನ ಹುಡುಗ. ಸ್ಕೂಟರಿನಲ್ಲಿ ನೆನೆದುಕೊಂಡು ಬಂದರು. ಒಂದು ಗಂಟೆಯಲ್ಲಿ ಮರಿಯನ್ನು ಕೈಯಾರೆ ಮುಟ್ಟಲೇ ಇಲ್ಲ. ನೆಲದ ಮೇಲೆ ಕೂತು ನಮ್ಮ ಜೊತೆ ಮಾತಾಡಿದರು. ಬನ್ಸು ಆಮೇಲೆ ತಾನೇ ಹೋಗಿ ಅವರ ಒದ್ದೆ ಸಾಕ್ಸ್ ಮೂಸಿತು. ಅಷ್ಟಾದ ಮೇಲೆ ಅವರು ಮಾಡಿದ್ದು ನೋಡಿ ನಾನು ಈ ಜನಕ್ಕೆ ದುಡ್ಡು ಕೊಡಬಹುದು ಎಂದು ನಿರ್ಧಾರ ಮಾಡಿದೆ. ಚಾವಡಿಯ ನೆಲದಲ್ಲಿ ಹೊಟ್ಟೆ ಅಡಿ ಹಾಕಿ ಮಲಗಿದರು. ಮೊಬೈಲಿನ ಟಾರ್ಚ್ ಹಾಕಿ, ಮರಿಯ ಕಣ್ಣಿನ ಎತ್ತರದಿಂದ ಮಿಷನ್ನಿನ ಅಡಿ, ಕಪಾಟಿನ ಅಡಿ ಎಲ್ಲ ನೋಡಿದರು. ನಾನು ಬೆಳಿಗ್ಗೆಯಷ್ಟೇ ಗುಡಿಸಿದ ಜಾಗದಲ್ಲಿ 11 ಗುಂಡುಸೂಜಿ ಹೆಕ್ಕಿ ಸಾಲಾಗಿ ಇಟ್ಟರು. ನನಗೆ ಮುಖ ಎತ್ತಲಾಗಲಿಲ್ಲ. ಮರುದಿನವೇ ಆಯಸ್ಕಾಂತದ ತುಂಡು ತಂದು ಪೊರಕೆಯ ಹಿಡಿಗೆ ಕಟ್ಟಿದೆ. ಈಗ ದಿನಾ ಎರಡು ಸಲ ಅದನ್ನು ನೆಲಕ್ಕೆ ತಾಗಿಸಿಕೊಂಡು ಹೋಗುವುದು.

ಇನ್ನು ಮುಖ್ಯ ವಿಷಯ. ಹೇಸಿಗೆ ಎನ್ನಬೇಡಿ, ಮರಿ ಸಾಕುವವರಿಗೆ ಮೊದಲ ಎರಡು ತಿಂಗಳು ಬೇರೆ ವಿಷಯವೇ ಇರುವುದಿಲ್ಲ.

ವಿಡಿಯೋಗಳಲ್ಲಿ ಎಲ್ಲರೂ ಹೇಳುವುದು ಒಂದೇ. ಎದ್ದ ಕೂಡಲೇ, ಉಂಡ ಕೂಡಲೇ, ಆಡಿ ನಿಲ್ಲಿಸಿದ ಕೂಡಲೇ ಹೊರಗೆ ಕರೆದುಕೊಂಡು ಹೋಗಿ. ಸರಿ. ಉಡುಪಿಯ ಜೂನ್ ತಿಂಗಳಲ್ಲಿ ಹೊರಗೆ ಎಂದರೆ ಎಲ್ಲಿ ಮಾರಾಯ್ರೆ? ವರ್ಷಕ್ಕೆ 4000 ಮಿಲಿಮೀಟರ್ ಮೀರಿ ಸುರಿಯುವ ಊರು. ಅದರಲ್ಲಿ ಹೆಚ್ಚಿನದೆಲ್ಲ ಈ ನಾಲ್ಕು ತಿಂಗಳಲ್ಲೇ. ಅಂಗಳದ ತುಂಬ ಪಾಚಿ. ರಾತ್ರಿ ಎರಡೂವರೆಗೆ ನಾನು ನೈಟಿ ಎತ್ತಿ ಸಿಕ್ಕಿಸಿಕೊಂಡು, ಕೊಡೆಯನ್ನು ನಾಯಿಗೆ ಹಿಡಿದು, ನಾನು ನೆನೆಯುತ್ತಾ ನಿಂತಿರುವುದು. ಅದು ಹುಲ್ಲಿಗೆ ಒಂದು ಕಾಲು ಇಡುವುದು, ಕೊಡಹುವುದು, ನನ್ನ ಮುಖ ನೋಡುವುದು. ಹತ್ತು ನಿಮಿಷ. ಸಾಕಪ್ಪ ಎಂದು ಒಳಗೆ ತಂದರೆ ಬಾಗಿಲಿನ ಗೋಣಿಯ ಮೇಲೆ ನೆಮ್ಮದಿಯಾಗಿ ಒಂದಕ್ಕೆ. ಅದರ ಲೆಕ್ಕದಲ್ಲಿ ಅದೇ ಸರಿ. ಒಣಗಿದ, ಮೆತ್ತಗಿನ ಜಾಗ.

ಮರಿ ಒಂದು ಮಾಡಲಿಕ್ಕೆ ಹಾಸುವ, ಅಂಗಡಿಯಿಂದ ತಂದ ಪ್ಯಾಡುಗಳು ಈ ಹವೆಗೆ ನಿಲ್ಲಲಿಲ್ಲ. ಬಿಚ್ಚಿಟ್ಟ ಅರ್ಧ ದಿನಕ್ಕೇ ತಂಡಿ ಹಿಡಿದು ಮುದ್ದೆ. ಅದರ ಮೇಲೆ ಹರಿದು ಆಡಲಿಕ್ಕೆ ಅದಕ್ಕೆ ಮಜಾ. 600 ರೂಪಾಯಿ ದಂಡ.

ಟ್ರೈನರ್ ಹಿಂದಿನ ಬಾಗಿಲಿಗೆ ಹೋಗಿ ನೋಡಿದರು. ನಮ್ಮ ಬಚ್ಚಲಿನ ಪಕ್ಕ ತಗಡಿನ ಮಾಡು ಇಳಿಸಿದ ಜಾಗ ಇದೆ. ಹಂಡೆಗೆ ಬೆಂಕಿ ಹಾಕಲು ತೆಂಗಿನ ಮಡಲು, ಸಿಪ್ಪೆ ಪೇರಿಸಿಡುತ್ತೇವೆ. "ಅರ್ಧ ಸೌದೆ ಆಚೆ ಹಾಕಿ. ಮಳೆಗಾಲ ಮುಗಿಯುವ ತನಕ ಇದೇ ಅದಕ್ಕೆ ಹೊರಗೆ" ಎಂದರು. ಮೀನಿನ ಪ್ಲಾಸ್ಟಿಕ್ ಕ್ರೇಟಿನ ಒಂದು ಬದಿ ಕತ್ತರಿಸಿ, ಅದರಲ್ಲಿ ಕೆಂಪು ಮಣ್ಣು ತುಂಬಿಸಿ, ಮೇಲೆ ಗರಿಕೆಯ ಹೆಂಟೆ ಇಡಬೇಕು. ಹುಲ್ಲು ಕಾಲಿಗೆ ತಾಗಿ ಅಭ್ಯಾಸವಾದರೆ ಮಳೆ ನಿಂತ ಮೇಲೆ ಅಂಗಳಕ್ಕೆ ದಾಟಿಸುವುದು ಸುಲಭ. ಅದು ಒಂದು ಮಾಡಿದ ಬಟ್ಟೆಯ ಚೂರನ್ನು ತೊಳೆಯದೆ ಆ ಮಣ್ಣಿನಲ್ಲಿ ಹುಗಿದಿಡಬೇಕು. ವಾಸನೆ ದಾರಿ ತೋರಿಸುತ್ತದೆ.

ಮನೆಯವರು ಮಲ್ಪೆಯಿಂದ ಹಳೇ ಕ್ರೇಟ್ ತಂದರು. ಇಲ್ಲೊಂದು ಎಡವಟ್ಟಾಯಿತು. ಐಸ್ ಪ್ಲಾಂಟಿನಲ್ಲಿ ಹುಟ್ಟಿದ ಮರಿ ಅಲ್ವಾ, ಮೀನಿನ ವಾಸನೆ ಎಂದರೆ ಅದಕ್ಕೆ ತಾಯಿಮನೆ. ಎರಡು ದಿನ ಕ್ರೇಟಿನ ಅಂಚು ನೆಕ್ಕಿದ್ದೇ ನೆಕ್ಕಿದ್ದು. ಒಂದಕ್ಕೆ ಮಾತ್ರ ಪುನಃ ಗೋಣಿಗೆ. ಫೋಟೋ ಕಳಿಸಿದೆ. ಉತ್ತರವಾಗಿ ನಗುವ ಮುಖ ಬಂತು, ಆಮೇಲೆ "ಬಿಸಿ ನೀರು, ಸಾಬೂನು, ಮೂರು ಸಲ" ಎಂದು. ತಿಕ್ಕಿ ತಿಕ್ಕಿ ತೊಳೆದೆವು. ಐದನೇ ದಿನ ಬೆಳಿಗ್ಗೆ ಆರೂ ಹತ್ತಕ್ಕೆ ಬನ್ಸು ತಾನಾಗಿ ನಡೆದುಕೊಂಡು ಹೋಗಿ ಆ ಮಣ್ಣಿನಲ್ಲಿ ಕೂತಿತು. ನಾನು ಅಲ್ಲೇ ಬೇಯಿಸಿದ ಕೋಳಿಯ ಒಂದು ಚೂರು ಕೊಟ್ಟೆ. ಅಲ್ಲೇ, ಆ ಕ್ಷಣವೇ ಕೊಡಬೇಕು. ಅಡುಗೆಮನೆಗೆ ಬಂದು ಕೊಟ್ಟರೆ ಅಡುಗೆಮನೆಗೆ ಬಂದದ್ದಕ್ಕೆ ಕೊಟ್ಟ ಹಾಗೆ.

ಎರಡು ತಿಂಗಳ ಮರಿಗೆ ಹೆಚ್ಚೆಂದರೆ ಮೂರು ಗಂಟೆ ತಡೆದುಕೊಳ್ಳಲಿಕ್ಕೆ ಆಗುತ್ತದೆ. ಎಷ್ಟು ತಿಂಗಳೋ ಅದಕ್ಕೆ ಒಂದು ಕೂಡಿಸಿ, ಅಷ್ಟು ಗಂಟೆ. ಅದೂ ಸುಮ್ನೆ ಮಲಗಿದ್ದಾಗ. ಎಚ್ಚರವಿದ್ದು ಆಡುವಾಗ ಅರ್ಧ ಗಂಟೆಯೂ ಇಲ್ಲ. ಹೊತ್ತು ಬರೆದಿಡಿ ಎಂದರು. ನನ್ನ ಅಳತೆ ಪುಸ್ತಕದಲ್ಲೇ ಬರೆದೆ. ಈಗ ತೆರೆದರೆ ಒಂದೇ ಪುಟದಲ್ಲಿ "ಎದೆ 36, ತೋಳು 9, ಹಿಂದೆ ಡೋರಿ", ಅದರ ಕೆಳಗೆ "6.10 ಒಂದು, 6.25 ಎರಡು, 8.40 ಗೋಣಿ". ಒಬ್ಬ ಕಸ್ಟಮರ್ ನೋಡಿ ಗೋಣಿ ಎಂದರೆ ಎಂತ ಡಿಸೈನ್ ಎಂದು ಕೇಳಿದರು.

ಒರಸುವುದಕ್ಕೆ ಫಿನಾಯಿಲ್ ಬೇಡ ಎಂದರು. ಅದು ನಮ್ಮ ಮೂಗಿಗೆ ವಾಸನೆ ಮುಚ್ಚುತ್ತದೆ, ನಾಯಿ ಮೂಗಿಗೆ ಇಲ್ಲ. ಜೊತೆಗೆ ಮರಿ ನೆಲ ನೆಕ್ಕುತ್ತದೆ, ಹೊಟ್ಟೆಗೆ ಒಳ್ಳೆಯದಲ್ಲ. ಅರ್ಧ ನೀರು, ಅರ್ಧ ವಿನೆಗರ್ ಸಾಕಾಯಿತು. ಮೂಗು ತಿಕ್ಕಿ ಬೈಯುವುದು ದಂಡ. ಅದಕ್ಕೆ ಅರ್ಥವಾಗುವುದು ಇಷ್ಟೇ: ಇವರ ಎದುರು ಒಂದಕ್ಕೆ ಕೂರಬಾರದು. ಆಮೇಲೆ ಕಪಾಟಿನ ಹಿಂದೆ ಹೋಗಿ ಕೂರುತ್ತದೆ.

ಗೂಡಿನ ವಿಷಯದಲ್ಲಿ ನಾನೇ ಜಾಣತನ ಮಾಡಲು ಹೋಗಿದ್ದೆ. ದೊಡ್ಡದಾದ ಮೇಲೂ ಆಗಲಿ ಎಂದು ದೊಡ್ಡ ಕಬ್ಬಿಣದ ಗೂಡು ತರಿಸಿದ್ದೆ. ಬಟ್ಟೆಯಾದರೆ ಒಳಗೆ ಮಡಚಿ ಬಿಡಬಹುದು, ಗೂಡಿನಲ್ಲಿ ಹಾಗಲ್ಲ. ಜಾಗ ಜಾಸ್ತಿ ಇದ್ದರೆ ಒಂದು ಮೂಲೆಯಲ್ಲಿ ಮಲಗಿ ಇನ್ನೊಂದು ಮೂಲೆಯನ್ನು ಪಾಯಿಖಾನೆ ಮಾಡುತ್ತದೆ. ನಿಲ್ಲಲು, ತಿರುಗಲು, ಕಾಲು ಚಾಚಲು ಆದರೆ ಸಾಕು. ನಡುವೆ ರಟ್ಟು ಅಡ್ಡ ಕಟ್ಟಿದೆವು, ಬೆಳೆದ ಹಾಗೆ ಹಿಂದೆ ಸರಿಸಿದೆವು. ಮೊದಲ ರಾತ್ರಿಗಳು ಗೂಡು ನಮ್ಮ ಮಂಚದ ಪಕ್ಕವೇ. ಕೈ ಇಳಿಬಿಟ್ಟರೆ ಮೂಗು ತಾಗಬೇಕು. ಆಮೇಲೆ ದಿನಕ್ಕೊಂದು ಅಡಿಯಂತೆ ಬಾಗಿಲ ಕಡೆಗೆ.

ಕಚ್ಚುವುದು. ಮರಿಯ ಹಾಲುಹಲ್ಲು 28, ಒಂದೊಂದೂ ನನ್ನ ಹತ್ತನೇ ನಂಬರ್ ಸೂಜಿಯ ಹಾಗೆ. ಸೀರೆಯ ನೆರಿಗೆ, ಅತ್ತೆಯ ಕಾಲಿನ ಬೆರಳು, ಮಗನ ಮೊಣಗಂಟು. ರಾತ್ರಿ ಒಂಬತ್ತಕ್ಕೆ ಸರಿಯಾಗಿ ಹುಚ್ಚು ಹಿಡಿದ ಹಾಗೆ ಓಡಿ ಓಡಿ ಕಚ್ಚುತ್ತಿತ್ತು. ಆಟ ಸಾಲಲಿಲ್ಲ ಎಂದು ಮಗ ಇನ್ನೂ ಆಡಿಸುತ್ತಿದ್ದ. ಅದು ತಪ್ಪಂತೆ. ಈ ವಯಸ್ಸಿಗೆ ದಿನಕ್ಕೆ 18ರಿಂದ 20 ಗಂಟೆ ನಿದ್ದೆ ಬೇಕು. ನಮ್ಮ ಮನೆಯಲ್ಲಿ ಕಸ್ಟಮರ್ ಬರುವುದು ಹೋಗುವುದು, ಅದು ಪ್ರತಿ ಸಲ ಏಳುವುದು. "ಇದಕ್ಕೆ ಆಟ ಬೇಡ, ನಿದ್ದೆ ಬೇಕು. ಸಣ್ಣ ಮಕ್ಕಳು ನಿದ್ದೆ ಬಂದಾಗ ರಚ್ಚೆ ಹಿಡಿಯೋದಿಲ್ವಾ?" ಎಂದರು. ಮಧ್ಯಾಹ್ನ ಗೂಡಿಗೆ ಹಳೇ ಬೆಡ್‌ಶೀಟು ಹೊದಿಸಿ ಎರಡು ಗಂಟೆ ಮಲಗಿಸಲು ಶುರು ಮಾಡಿದೆವು. ವಾರದಲ್ಲಿ ಒಂಬತ್ತರ ಹುಚ್ಚು ಅರ್ಧಕ್ಕೆ ಇಳಿಯಿತು. ಕಚ್ಚಿದ ಕೂಡಲೇ ಆಟ ಬಂದ್, ಎದ್ದು ಹೋಗುವುದು. ಜಗಿಯಲು ಒದ್ದೆ ಟವೆಲ್ಲಿಗೆ ಗಂಟು ಹಾಕಿ ಫ್ರೀಜರಿನಲ್ಲಿ ಇಟ್ಟು ಕೊಡುವುದು. ನಾನು ಟವೆಲ್ಲಿನ ನಾಲ್ಕೂ ಬದಿ ಮಡಚಿ ಎರಡು ಹೊಲಿಗೆ ಹಾಕಿ ಕೊಟ್ಟೆ, ದಾರ ಬಿಡಬಾರದಲ್ಲ. ಕೆಂಪು ದಾರದ ಪಾಠ.

ಮಾತು ಕಲಿಸುವ ದಿನ ಬಂತು. "ಸಿಟ್" ಹೇಳಿ ಎಂದರು ಟ್ರೈನರ್. ಮಗ ಸಿಟ್ ಎಂದ. ನಾನು ಕೂತ್ಕೋ ಎಂದೆ. ಮನೆಯವರು ಕೂರು ಎಂದರು. ಅತ್ತೆ ಕುಲ್ಲು ಎಂದರು. ಬನ್ಸು ನಾಲ್ವರ ಮುಖವನ್ನೂ ನೋಡಿ ಕಿವಿ ತುರಿಸಿಕೊಂಡಿತು. ಒಂದು ಕೆಲಸಕ್ಕೆ ಒಂದೇ ಮಾತು, ಯಾವ ಭಾಷೆಯಾದರೂ ಸರಿ, ನೀವೇ ಆರಿಸಿ ಎಂದರು. ಅತ್ತೆಗೆ ಈ ವಯಸ್ಸಿಗೆ ಇಂಗ್ಲಿಷ್ ಕಲಿಸುವುದಕ್ಕಿಂತ ನಾಯಿಗೆ ತುಳು ಕಲಿಸುವುದು ಸುಲಭ. ಕುಲ್ಲು ಎಂದರೆ ಕೂರು. ಉಂತು ಎಂದರೆ ನಿಲ್ಲು. ಬಲ ಎಂದರೆ ಬಾ. ಬುಡು ಎಂದರೆ ಬಿಡು. ಕಟಿಂಗ್ ಪೇಪರಿನಲ್ಲಿ ಬರೆದು ಫ್ರಿಜ್ಜಿಗೆ ಅಂಟಿಸಿದೆವು.

ಹೆಸರಿನದ್ದೇ ಇನ್ನೊಂದು ರಗಳೆ. ಬೆಳಿಗ್ಗೆ ಮನೆಯಲ್ಲಿ ಬನ್ಸ್ ಮಾಡಿದರೆ "ಬನ್ಸ್ ಬೇಕಾ", "ಇನ್ನೊಂದು ಬನ್ಸ್ ಹಾಕು". ಅದು ಪ್ರತಿ ಸಲ ಓಡಿ ಬರುವುದು, ಏನೂ ಸಿಗದೆ ಹೋಗುವುದು. ಕೆಲವು ದಿನ ಆದ ಮೇಲೆ ನಿಜವಾಗಿ ಕರೆದರೂ ತಿರುಗಿ ನೋಡಲಿಲ್ಲ. ಹೆಸರು ಕರೆದರೆ ಏನಾದರೂ ಒಳ್ಳೆಯದು ಆಗಬೇಕು, ಇಲ್ಲದಿದ್ದರೆ ಹೆಸರು ಸವೆದು ಹೋಗುತ್ತದೆ ಎಂದರು. ಈಗ ನಮ್ಮ ಮನೆಯಲ್ಲಿ ಆ ತಿಂಡಿಗೆ "ಬಾಳೆಹಣ್ಣಿನ ಪೂರಿ" ಎನ್ನುತ್ತೇವೆ. ಹೋಟೆಲಿನವರು ಕೇಳಿದರೆ ನಗುತ್ತಾರೆ.

ಒಂದು ಪಾಠ ಮೂರು ನಿಮಿಷ, ಹೆಚ್ಚೆಂದರೆ ಐದು. ತಿಂಡಿಯ ಚೂರು ಬಟಾಣಿಯಷ್ಟು. ಸೋಮವಾರ, ಸಂಕ್ರಾಂತಿಗೆ ನಮ್ಮಲ್ಲಿ ಮೀನು ಮಾಂಸ ಇಲ್ಲ. ಆ ದಿನ ಕ್ಯಾರೆಟ್. ಆ ದಿನ ಕಲಿಕೆಯೂ ಸ್ವಲ್ಪ ನಿಧಾನವೇ.

ಲಸಿಕೆ ಮುಗಿಯುವ ತನಕ ನೆಲಕ್ಕೆ ಬಿಡಬೇಡಿ, ಆದರೆ ಮನೆಯೊಳಗೇ ಇಡಬೇಡಿ ಎಂದದ್ದು ನನಗೆ ಮೊದಲು ವಿಚಿತ್ರ ಅನಿಸಿತು. ಪಾರ್ವೊ ಎಂಬ ವಾಂತಿಭೇದಿ ರೋಗದ ಹೆದರಿಕೆ, ನಿಂತ ನೀರಿನಲ್ಲಿ ಇಲಿ ಜ್ವರದ ಹೆದರಿಕೆ, ಅದಕ್ಕೆ ನೆಲ ಬೇಡ. ಆದರೆ ಹನ್ನೆರಡು ಹದಿನಾಲ್ಕು ವಾರದೊಳಗೆ ನೋಡಿದ್ದು, ಕೇಳಿದ್ದು ಮಾತ್ರ ಅದಕ್ಕೆ ಮಾಮೂಲು ಅನಿಸುತ್ತದೆ. ಆಮೇಲೆ ಕಂಡದ್ದೆಲ್ಲ ಭೂತ. ಹಾಗಾಗಿ ಎತ್ತಿಕೊಂಡು ಹೋಗಬೇಕು. ದಪ್ಪ ಬಟ್ಟೆಯಲ್ಲಿ ಹೆಗಲಿಗೆ ಹಾಕುವ ಚೀಲ ಹೊಲಿದೆ. ಮಳೆ ಬಿಟ್ಟ ಸಂಜೆ ಅಂಬಲಪಾಡಿ ಜಂಕ್ಷನ್ನಿನ ಬದಿಯಲ್ಲಿ ಹದಿನೈದು ನಿಮಿಷ ನಿಲ್ಲುವುದು. ಸಿಟಿ ಬಸ್ಸಿನ ಹಾರ್ನ್, "ಮಲ್ಪೆ ಮಲ್ಪೆ" ಎನ್ನುವ ಕಂಡಕ್ಟರ್, ಹೈವೇಯ ಲಾರಿ. ಚೀಲದಿಂದ ತಲೆ ಮಾತ್ರ ಹೊರಗೆ. ಜನ ನನ್ನನ್ನೂ ನೋಡಿಯೇ ನೋಡಿದರು. ಇರಲಿ.

ನನ್ನ ಪ್ರಕಾರ ಆರು ಸಾವಿರದಲ್ಲಿ ನಾಲ್ಕು ಸಾವಿರದ ಬೆಲೆ ಮೂರನೇ ಭೇಟಿಯ ಒಂದು ಪ್ರಶ್ನೆಗೆ. ಮನೆಯವರು ಕುರ್ಚಿಯಲ್ಲಿ ಕೂತಿದ್ದರು, ಬನ್ಸು ಅವರ ಪಾದದ ಮೇಲೆ ಮಲಗಿತ್ತು. ಟ್ರೈನರ್ ಕೇಳಿದರು, "ಅಣ್ಣ, ನಿಮಗೆ ಕೆಲಸ ಯಾವಾಗ ಶುರು?"

ಬೋಟು ಹೊರಡುವುದು ಆಗಸ್ಟಿಗೆ. ಆದರೆ ಹೊರಡುವ ಮೊದಲೇ ಬೋಟಿಗೆ ಐಸು ತುಂಬಿಸಬೇಕಲ್ಲ, ಪ್ಲಾಂಟು ಜುಲೈ ಕೊನೆಯ ವಾರದಲ್ಲೇ ಚಾಲೂ. ಬೆಳಗಿನ ಜಾವ ನಾಲ್ಕಕ್ಕೆ ಮನೆ ಬಿಡಬೇಕು. ಟ್ರೈನರ್ ಗೋಡೆಯ ಕ್ಯಾಲೆಂಡರಿನಲ್ಲಿ ಬೆರಳಿಟ್ಟು ಎಣಿಸಿದರು. ಮೂರೂವರೆ ವಾರ. "ಇದು ಹುಟ್ಟಿದ ಮೇಲೆ ಹೆಚ್ಚು ನೋಡಿದ್ದೇ ನಿಮ್ಮನ್ನು, ದಿನವಿಡೀ. ಒಂದು ದಿನ ಏಕಾಏಕಿ ನೀವಿಲ್ಲ ಅಂದ್ರೆ ಊರಿಗೆ ಕೇಳುವ ಹಾಗೆ ಅಳ್ತದೆ. ಇವತ್ತಿಂದಲೇ ಹೋಗಿ ಬನ್ನಿ." ನಮಗೆ ಯಾರಿಗೂ ಇದು ಹೊಳೆದಿರಲಿಲ್ಲ.

ಹೋಗಿ ಬರುವುದು ಎಂದರೆ ಹೀಗೆ. ಪ್ಯಾಂಟು ಹಾಕಬೇಕು, ಬೈಕಿನ ಕೀ ಅಲ್ಲಾಡಿಸಬೇಕು, ಹೆಲ್ಮೆಟ್ ತೆಗೆಯಬೇಕು, ಪುನಃ ಇಟ್ಟು ಕುರ್ಚಿಯಲ್ಲಿ ಕೂರಬೇಕು. ಅದನ್ನೇ ಹತ್ತು ಸಲ. ಕೀ ಸದ್ದಿಗೆ ಬೆಲೆಯೇ ಇಲ್ಲ ಎಂದು ಮರಿಗೆ ಅನಿಸಬೇಕು. ಆಮೇಲೆ ಗೇಟಿನ ಹೊರಗೆ ಒಂದು ನಿಮಿಷ. ಆಮೇಲೆ ಮೂರು, ಐದು, ಹತ್ತು, ಇಪ್ಪತ್ತು. ಬಂದ ಮೇಲೆ ಮುದ್ದು ಮಾಡುವ ಹಾಗಿಲ್ಲ, ಹಾಲಿನವ ಬಂದ ಹಾಗೆ ಬರಬೇಕು. ಅಳುವ ಮೊದಲೇ ಒಳಗೆ ಬರಬೇಕು. ಅತ್ತಿತು ಎಂದರೆ ನಾಳೆ ಹೊತ್ತು ಕಡಿಮೆ ಮಾಡಬೇಕು.

ಜುಲೈ ಮಳೆಯಲ್ಲಿ ಮನೆಯವರು ರೈನ್‌ಕೋಟು, ಹೆಲ್ಮೆಟ್ ಹಾಕಿಕೊಂಡು ನಮ್ಮದೇ ಕಂಪೌಂಡ್ ಗೋಡೆಯ ಆಚೆ ವಾಚು ನೋಡುತ್ತಾ ನಿಂತಿರುತ್ತಿದ್ದರು. ಪಕ್ಕದ ಮನೆಯವರು ಎರಡು ದಿನ ನೋಡಿದರು. ಮೂರನೇ ದಿನ ಕೊಡೆ ಹಿಡಿದು ಬಂದು ಮೆಲ್ಲ ಕೇಳಿದರಂತೆ, "ಎಂತ ಮಾರಾಯ, ಮನೆಯಲ್ಲಿ ಎಲ್ಲ ಸರಿ ಉಂಟಲ್ಲ?" ಇವರು "ನಾಯಿಗೆ ಟ್ರೈನಿಂಗ್" ಎಂದರು. ಅವರಿಗೆ ಇನ್ನೂ ನಂಬಿಕೆ ಬಂದಿಲ್ಲ.

ಪ್ಲಾಂಟು ಚಾಲೂ ಆದ ದಿನ ಬನ್ಸು ಅತ್ತಿತು. ಸುಳ್ಳು ಹೇಳುವುದಿಲ್ಲ. ನಾಲ್ಕಕ್ಕೆ ಬೈಕ್ ಹೊರಟಿತು, ಐದು ನಿಮಿಷ ಕುಂಯ್ ಕುಂಯ್, ಆಮೇಲೆ ಅವರ ಹಳೇ ಬನಿಯನ್ ಮೇಲೆ ಮಲಗಿತು. ಎರಡನೇ ವಾರಕ್ಕೆ ತಲೆ ಎತ್ತಿ ನೋಡಿ ಪುನಃ ಮಲಗುವುದು. ಅಷ್ಟು ಸಾಕು.

ಈಗ ಆ ಕಡಿಮೆಯಾದ ಒಂದು ಸ್ಟಾರ್. ಆರು ಸಾವಿರವನ್ನೂ ಮೊದಲೇ ಕೊಡಬೇಕು. ಇದು ನನಗೆ ಸರಿ ಕಾಣುವುದಿಲ್ಲ. ನಾನು ಬ್ಲೌಸಿಗೆ ಅರ್ಧ ಅಡ್ವಾನ್ಸ್ ತಕ್ಕೊಳ್ಳುತ್ತೇನೆ, ಉಳಿದದ್ದು ಹಾಕಿ ನೋಡಿದ ಮೇಲೆ. ಜುಲೈಯಲ್ಲಿ ರೆಡ್ ಅಲರ್ಟ್, ಡಿಸಿ ಶಾಲೆಗಳಿಗೆ ರಜೆ ಕೊಟ್ಟ ದಿನ ಅವರು ಸಂತೆಕಟ್ಟೆಯ ತನಕ ಬಂದು ವಾಪಸ್ ಹೋದರು. ಆಯಿತು, ಜೀವ ಮುಖ್ಯ. ಆದರೆ ಅದನ್ನೂ ಒಂದು ಭೇಟಿ ಎಂದು ಲೆಕ್ಕ ಹಾಕಿದರು. ನಾನು ಬಿಡಲಿಲ್ಲ. ಕೊನೆಗೆ ವಿಡಿಯೋ ಕಾಲಿನಲ್ಲಿ ಅರ್ಧ ಗಂಟೆಗೆ ರಾಜಿ ಆಯಿತು. ಅವರೇ ತಂದು ಕೊಟ್ಟ 1,100 ರೂಪಾಯಿಯ ಹಾರ್ನೆಸ್, ಎದೆಗೆ ಹಾಕುವ ಪಟ್ಟಿ, ಐದು ವಾರಕ್ಕೆ ಬಿಗಿಯಾಯಿತು. ಬೆಳೆಯುವ ಮರಿಗೆ ಸೀಮ್ ಬಿಡದೆ ಹೊಲಿದ ಹಾಗೆ. ಎರಡನೆಯದನ್ನು ನಾನೇ ನಿವಾರಿನಲ್ಲಿ ಹೊಲಿದೆ. ಬರೆದು ಕೊಡುವುದು ಅವರ ಅಭ್ಯಾಸದಲ್ಲೇ ಇಲ್ಲ. ಪಟಪಟ ಹೇಳಿ ಹೋಗುತ್ತಾರೆ, ನಾವೇ ಬರೆದುಕೊಳ್ಳಬೇಕು.

ಊಟದ ವಿಷಯ ಅವರನ್ನು ಕೇಳಬೇಡಿ, ಡಾಕ್ಟರನ್ನು ಕೇಳಿ. ಟ್ರೈನರ್ ಒಂದು ಬ್ರಾಂಡಿನ ಗುಣಗಾನ ಮಾಡಿದರು. ನಮ್ಮ ಡಾಕ್ಟರು ಮರಿಗಳ ಆಹಾರದ ಜೊತೆ ಮುಳ್ಳು ಬಿಡಿಸಿ ಬರೀ ನೀರಿನಲ್ಲಿ ಬೇಯಿಸಿದ ಬಂಗುಡೆಯೂ ಆಗಬಹುದು ಎಂದರು. ಮಸಾಲೆ ಹಾಕಿದ ಗಸಿ ಮಾತ್ರ ಬೇಡವೇ ಬೇಡ. ನೀರುಳ್ಳಿ, ಬೆಳ್ಳುಳ್ಳಿ ನಾಯಿಗೆ ವಿಷ. ದ್ರಾಕ್ಷಿ, ಒಣದ್ರಾಕ್ಷಿ, ಚಾಕೊಲೇಟೂ ಹಾಗೇ. ಅತ್ತೆ ಪಾಯಸದ ದ್ರಾಕ್ಷಿ ಕೊಡುತ್ತಿದ್ದರು, ಅದು ನಿಂತಿತು.

ಯಾರನ್ನೇ ಕರೆಯಿರಿ, ಫೋನಿನಲ್ಲೇ ಕೇಳಿ: ಮರಿ ತಪ್ಪು ಮಾಡಿದರೆ ನೀವು ಎಂತ ಮಾಡುತ್ತೀರಿ? ಚೈನು, ಕೋಲು, ಜೋರು ಎಂಬ ಮಾತು ಬಂದರೆ ಫೋನ್ ಇಡಿ. ಮನೆಯವರೆಲ್ಲ ಇರುವ ಹೊತ್ತಿಗೆ ಬರುತ್ತೀರಾ ಎಂದು ಕೇಳಿ. ತಮ್ಮಲ್ಲಿ ಬಿಡಿ ಎಂದರೆ ಬಿಡಬೇಡಿ. ಅಲ್ಲಿ ಕಲಿತದ್ದು ಅಲ್ಲಿಯವರಿಗೆ, ಇಲ್ಲಿ ಬಂದು ಪುನಃ ಗೋಣಿ.

ಈಗಲೂ ಸರಿಯಾಗದ್ದು ಉಂಟು. ಗ್ಯಾಸ್ ಸಿಲಿಂಡರಿನವ ಬಂದರೆ ಆಕಾಶ ಭೂಮಿ ಒಂದು ಮಾಡುತ್ತದೆ. ಬೆಲ್ಟು ಹಾಕಿ ನಡೆಸಿದರೆ ಬೆಕ್ಕು ಕಂಡಲ್ಲಿಗೆ ನನ್ನನ್ನೂ ಎಳೆದುಕೊಂಡು ಹೋಗುತ್ತದೆ. ಏಳನೇ ಭೇಟಿಗೆ 1,200 ಕೇಳಿದ್ದಾರೆ, ನೋಡುವ.

ಕೊನೆಯ ಭೇಟಿಯಲ್ಲಿ ಅವರು ಹೇಳಿ ಹೋದದ್ದು ಕೃಷ್ಣಾಷ್ಟಮಿಯ ಬಗ್ಗೆ. ಈ ಸಲ ಅಷ್ಟಮಿ ಸೆಪ್ಟೆಂಬರಿನಲ್ಲಿ. ಹುಲಿವೇಷದ ಕುಣಿತಕ್ಕೆ ಬಾರಿಸುವ ತಾಸೆ ವಾದ್ಯ ಗೇಟಿನ ಎದುರು ಬಡಿದರೆ ದೊಡ್ಡ ನಾಯಿಗಳೇ ಮಂಚದಡಿ ಸೇರುತ್ತವೆ. ಮೂರು ವಾರ ಮೊದಲೇ ಮೊಬೈಲಿನಲ್ಲಿ ತಾಸೆ ಹಾಕಿ, ಪಕ್ಕದ ಕೋಣೆಯಲ್ಲಿ, ಕೇಳಿಯೂ ಕೇಳದಷ್ಟು. ಅದು ಉಣ್ಣುವಾಗ ಮಾತ್ರ. ದಿನಾ ಒಂದು ಗೆರೆ ಏರಿಸಿ. ಉಣ್ಣುವುದು ನಿಲ್ಲಿಸಿದರೆ ಎರಡು ಗೆರೆ ಇಳಿಸಿ. ಹಾಗೇ ಮಾಡಿದೆವು. ಮೂರು ವಾರ ಬೆಳಿಗ್ಗೆ, ಮಧ್ಯಾಹ್ನ, ರಾತ್ರಿ ತಾಸೆ ಕೇಳಿ ಕೇಳಿ ಮಗನ ಕಾಲು ತಾನಾಗಿ ಕುಣಿಯುತ್ತಿತ್ತು.

ಅಷ್ಟಮಿಯ ಮರುದಿನ, ವಿಟ್ಲಪಿಂಡಿಯ ಬೆಳಿಗ್ಗೆ, ನಿಜವಾದ ಹುಲಿಗಳು ನಮ್ಮ ಓಣಿಗೆ ಬಂದವು. ತಾಸೆ ಕೇಳಿದ ಕೂಡಲೇ ಬನ್ಸು ಕಿವಿ ಹಿಂದೆ ಮಾಡಿ ಮಿಷನ್ನಿನ ಅಡಿ ಹೋಯಿತು. ನಾನು ಕರೆಯಲಿಲ್ಲ, ಕೋಳಿಯ ಡಬ್ಬಿ ತೆರೆದು ಸುಮ್ನೆ ಕೂತೆ. ಪೆಡಲ್ಲಿನ ಸಂದಿಯಿಂದ ಮೊದಲು ಮೂಗು ಬಂತು. ಆಮೇಲೆ ಒಂದು ಕಾಲು. ಆಮೇಲೆ ಪೂರ್ತಿ ಬನ್ಸು. ಬಾಲ ಇನ್ನೂ ಕೆಳಗೇ, ಆದರೆ ಬಾಗಿಲಿನ ತನಕ ಬಂತು.

ಕುಣಿತ ಮುಗಿದ ಮೇಲೆ ಒಬ್ಬ ಹುಡುಗ, ಮೈಯೆಲ್ಲ ಹಳದಿ ಕಪ್ಪು ಪಟ್ಟೆ, ಜಗಲಿಗೆ ಬಂದು ನೀರು ಕೇಳಿದ. ಅತ್ತೆ ತಂಬಿಗೆ ಹಿಡಿದು ಬಂದರು. ಅವನ ಬೆವರು ನೋಡಿ ಪಾಪ ಅನಿಸಿರಬೇಕು. "ಕುಲ್ಲು ಮಗಾ" ಎಂದರು.

ಹುಲಿ ಕೂರಲಿಲ್ಲ. ಕೂತರೆ ಬಣ್ಣ ಹೋಗುತ್ತದೆ. ಬನ್ಸು ಕೂತಿತು.